ರೋಗಿಯ ಋಣ

ವೈದ್ಯನಾಗಲು ಹೊರಟ ವಿದ್ಯಾರ್ಥಿ ಮೊದಲು ಯಾರನ್ನು ನೋಡಬೇಕು? ಬಹುಕಾಲ ನಮ್ಮಲ್ಲಿ ಇದಕ್ಕಿದ್ದ ಉತ್ತರ ಒಂದೇ: ಶವವನ್ನು. ಮೊದಲ ವರ್ಷವೆಲ್ಲ ಅಂಗರಚನೆ, ಶರೀರಕ್ರಿಯೆ, ಜೀವರಸಾಯನಗಳ ಅಧ್ಯಯನ. ಜೀವಂತ ರೋಗಿಯ ಮುಖಾಮುಖಿ ಆ ಬಳಿಕ. 2019ರಲ್ಲಿ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮ ಇದನ್ನು ಬದಲಿಸಿತು. ಮೊದಲ ವರ್ಷದಲ್ಲೇ ರೋಗಿಯ ಭೇಟಿ, ಜೊತೆಗೆ ಮನೋಭಾವ, ನೀತಿ ಮತ್ತು ಸಂವಹನದ ಪಾಠಗಳು ಸೇರಿದವು. ಮುಂದೆ ರಾಷ್ಟ್ರೀಯ ವೈದ್ಯಕೀಯ ಆಯೋಗವು ಕುಟುಂಬ ದತ್ತು ಕಾರ್ಯಕ್ರಮವನ್ನೂ ತಂದಿತು. ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ಆಗಾಗ ಭೇಟಿಯಾಗಿ ಅವರ ಆರೋಗ್ಯದ ಆಗುಹೋಗುಗಳನ್ನು ಗಮನಿಸಬೇಕು.

ಮೊದಲ ವರ್ಷದ ಹುಡುಗನಿಗೆ ಔಷಧಿ ಬರೆಯುವ ಅಧಿಕಾರವಿಲ್ಲ, ರೋಗ ಗುರುತಿಸುವ ವಿದ್ಯೆಯೂ ಇಲ್ಲ. ಅವನಲ್ಲಿರುವುದು ಎರಡು ಕಿವಿ ಮತ್ತು ಒಂದಿಷ್ಟು ಸಮಯ. ಈ ಬಡತನವೇ ಅವನ ಭಾಗ್ಯ. ಸಕ್ಕರೆ ಕಾಯಿಲೆಯ ಕೂಲಿ ಹೆಂಗಸು ಮಾತ್ರೆ ಬಿಟ್ಟದ್ದು ಅಸಡ್ಡೆಯಿಂದಲ್ಲ, ಆಸ್ಪತ್ರೆಯ ಸರದಿಯಲ್ಲಿ ನಿಂತರೆ ಅಂದಿನ ಕೂಲಿ ಹೋಗುತ್ತದೆ ಎಂಬುದು ಅವಳ ಜಗಲಿಯಲ್ಲಿ ಕುಳಿತವನಿಗೆ ತಿಳಿಯುತ್ತದೆ. ಅದು ರಕ್ತಪರೀಕ್ಷೆಯ ವರದಿಯಲ್ಲಿ ಬರುವುದಿಲ್ಲ.

ಆದರೆ ಒಂದು ಪ್ರಶ್ನೆಯನ್ನು ನಾವು ಕೇಳಲೇಬೇಕು. ಈ ಕಲಿಕೆಯ ಬೆಲೆ ತೆರುವವರು ಯಾರು? ಹೆಚ್ಚಾಗಿ ಸಾಮಾನ್ಯ ವಾರ್ಡಿನ ಬಡವರು. ಖಾಸಗಿ ಕೋಣೆಯ ರೋಗಿ ಬಾಗಿಲು ಹಾಕಿಕೊಳ್ಳಬಲ್ಲ. ಉಚಿತ ಹಾಸಿಗೆ ಪಡೆದವನ ಹೊಟ್ಟೆಯನ್ನು ಹತ್ತು ಮಂದಿ ಒತ್ತಿ ನೋಡಿದರೂ ಅವನು ಬೇಡವೆನ್ನಲಾರ. ಬೇಡವೆಂದರೆ ಚಿಕಿತ್ಸೆ ತಪ್ಪೀತೆಂಬ ಭಯ ಇರುವಲ್ಲಿ ಅವನ ಮೌನ ಒಪ್ಪಿಗೆಯಾಗದು. ಹಾಗೆಂದು ರೋಗಿಗಳಿಲ್ಲದೆ ವೈದ್ಯರನ್ನು ತಯಾರಿಸುವಂತೆಯೂ ಇಲ್ಲ. ನಾಳೆ ನಮ್ಮೆಲ್ಲರನ್ನೂ ನೋಡುವ ವೈದ್ಯ ಇಂದು ಯಾರದೋ ಮೈಮೇಲೆ ಕಲಿತವನೇ. ಆದ್ದರಿಂದ ಇದನ್ನು ಋಣವೆಂದು ತಿಳಿಯುವುದೇ ಸರಿ. ಹೆಸರು ಹೇಳಿ ಪರಿಚಯಿಸಿಕೊಳ್ಳುವುದು, ಅನುಮತಿ ಕೇಳುವುದು, ನಿರಾಕರಣೆಯನ್ನು ಗೌರವಿಸುವುದು, ಪರದೆ ಎಳೆಯುವುದು ಇವೆಲ್ಲ ಆ ಋಣದ ಮೊದಲ ಕಂತುಗಳು.

ಭೇಟಿ ಮಾತ್ರದಿಂದ ಕರುಣೆ ಹುಟ್ಟುತ್ತದೆ ಎಂದೂ ನಂಬುವಂತಿಲ್ಲ. ಅಮೆರಿಕದ ಫಿಲಡೆಲ್ಫಿಯಾದ ಜೆಫರ್ಸನ್ ಮೆಡಿಕಲ್ ಕಾಲೇಜಿನಲ್ಲಿ ಹೊಜತ್ ಮತ್ತು ಸಂಗಡಿಗರು ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವು, ವಿದ್ಯಾರ್ಥಿಗಳ ಸಹಾನುಭೂತಿ ಮೂರನೆಯ ವರ್ಷದಲ್ಲಿ ಕುಸಿಯುತ್ತದೆ ಎಂದಿತು. ಅವರು ರೋಗಿಗಳ ನಡುವೆ ಹೆಚ್ಚು ಬೆರೆಯುವ ವರ್ಷವೇ ಅದು! ಹಿರಿಯ ವೈದ್ಯರು ರೋಗಿಯನ್ನು ಹಾಸಿಗೆಯ ಸಂಖ್ಯೆಯಿಂದ ಕರೆದರೆ ಕಿರಿಯರು ಕಲಿಯುವುದೂ ಅದನ್ನೇ. ನೀತಿಪಾಠದ ಪುಸ್ತಕ ಅಲ್ಲಿ ಸೋಲುತ್ತದೆ.

'ದತ್ತು' ಎಂಬ ಪದದ ಬಗ್ಗೆಯೂ ಯೋಚಿಸಬೇಕು. ದತ್ತು ತೆಗೆದುಕೊಳ್ಳುವವನು ಪೋಷಕ ಎಂಬುದು ರೂಢಿ. ಇಲ್ಲಿ ಮನೆಯೊಳಗೆ ಕರೆದು, ಚಾಪೆ ಹಾಸಿ, ತಮ್ಮ ನೋವನ್ನು ಅಪರಿಚಿತನ ಮುಂದೆ ಬಿಚ್ಚಿಡುವವರು ಆ ಕುಟುಂಬದವರು. ಪೋಷಣೆ ಪಡೆಯುವವನು ವಿದ್ಯಾರ್ಥಿ. ಇದನ್ನು ಅವನಿಗೆ ಮೊದಲ ದಿನವೇ ಹೇಳಬೇಕಾದವರು ಅವನ ಗುರುಗಳು.