ಕೊಂಡವನ ಸಾಕ್ಷಿ

ವಿಜಯಪುರದಿಂದ ಅಥಣಿ ರಸ್ತೆಯನ್ನು ಹಿಡಿದು ಪಡುವಲಕ್ಕೆ ಹೊರಟವನಿಗೆ ಊರು ಮುಗಿಯುತ್ತಿರುವಂತೆಯೇ ತೊರವಿಯು ಸಿಗುತ್ತದೆ. ಸಂಕ್ರಮಣದ ಕಾಲಕ್ಕೆ ಸಿದ್ಧೇಶ್ವರ ಜಾತ್ರೆಯ ನಿಮಿತ್ತವಾಗಿ ಇಲ್ಲಿ ದನಗಳ ಜಾತ್ರೆಯು ನೆರೆಯುವದುಂಟು. ಎತ್ತು ಕೊಳ್ಳಬಂದ ಒಕ್ಕಲಿಗನು ಮೊದಲು ಅದರ ಬಾಯಿ ತೆರೆಯಿಸಿ ಹಲ್ಲು ನೋಡುತ್ತಾನೆ. ಮೈಮೇಲಿನ ಸುಳಿಗಳನ್ನು ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಯಿಸಿ ನೋಡುತ್ತಾನೆ. ಇಷ್ಟಾದ ಮೇಲೆಯೂ ಅವನ ಮನಸ್ಸು ನೆಲೆಗೊಳ್ಳುವದಿಲ್ಲ. ಮಾರುವವನ ಊರಿನವನು ಯಾರಾದರೂ ಕಂಡರೆ ಅವನನ್ನು ಪಕ್ಕಕ್ಕೆ ಕರೆದು, “ಗಳೇಕ ಹ್ಯಾಂಗ ಐತಿ ಯಣ್ಣಾ, ಖರೇ ಹೇಳು” ಎಂದು ಕೇಳುತ್ತಾನೆ. ಕಣ್ಣಿಗೆ ಕಾಣುವದು ಹಲ್ಲು ಮತ್ತು ಮೈಕಟ್ಟು ಮಾತ್ರ. ಎತ್ತಿನ ಗುಣವು ಅದನ್ನು ದುಡಿಸಿ ಕಂಡವನಿಗೇ ಗೊತ್ತು. ಆ ಪರಸ್ಥನು ಆಡುವ ಎರಡು ಮಾತಿನ ಮೇಲೆ ಒಂದು ಸಂಸಾರದ ಮುಂದಿನ ವರ್ಷದ ಬೇಸಾಯವು ನಿಂತಿರುತ್ತದೆ.

ಇಂದು ಅದೇ ಪ್ರಶ್ನೆಯನ್ನು ಜನರು ಕೈಯಲ್ಲಿಯ ಮೊಬೈಲಿಗೆ ಕೇಳುತ್ತಿದ್ದಾರೆ. ತಿಕೋಟೆಯ ತೋಟಕ್ಕೆ ಪಂಪು ಬೇಕಾದವನೂ, ಅಂಗಡಿಯ ಲೆಕ್ಕವನ್ನಿಡುವ ತಂತ್ರಾಂಶವನ್ನು ಹುಡುಕುವವನೂ, ಮಗನು ಹಟ ಹಿಡಿದ ವೀಡಿಯೋ ಆಟವನ್ನು ಕೊಡಿಸುವ ತಂದೆಯೂ, ಊಟದ ಹೊತ್ತಿಗೆ ಖಾನಾವಳಿಯನ್ನರಸುವ ಪ್ರವಾಸಿಯೂ ಮೊದಲು ನೋಡುವದು, ಹಿಂದೆ ಕೊಂಡವರು ಏನು ಬರೆದಿದ್ದಾರೆಂಬುದನ್ನು. ಅಮೆಜಾನ್ ಎಂಬ ಮಾರಾಟದ ಸಂಸ್ಥೆಯು 1995ರಲ್ಲಿ ಗ್ರಾಹಕರ ಅಭಿಪ್ರಾಯಗಳಿಗೆ ತನ್ನ ಪುಟಗಳಲ್ಲಿ ಎಡೆಗೊಟ್ಟಿತು. ಸ್ಟೀಮ್ ಎಂಬ ಆಟಗಳ ಪೇಟೆಯು 2013ರಲ್ಲಿ ಆಟಗಾರರ ಅಭಿಪ್ರಾಯಗಳಿಗೆ ಅವಕಾಶವನ್ನಿತ್ತಿತು. ಈಗ ಹಳ್ಳಿಯ ಕಿರಾಣಿ ಅಂಗಡಿಗೂ ಒಂದರಿಂದ ಐದರವರೆಗೆ ನಕ್ಷತ್ರಗಳು ದೊರೆಯುತ್ತವೆ. ಜಾತ್ರೆಯಲ್ಲಿ ಒಬ್ಬನ ಕಿವಿಗೆ ಬೀಳುತ್ತಿದ್ದ ಮಾತು ಈಗ ಸಾವಿರಾರು ಜನರ ಕಣ್ಣಿಗೆ ಬೀಳುತ್ತಿದೆ. ಹೀಗಿರುವಲ್ಲಿ ಒಂದು ಪ್ರಶ್ನೆಯು ತಾನಾಗಿಯೇ ಏಳುವದು: ಪದಾರ್ಥವನ್ನು ಕೊಂಡವನು ಅದರ ವಿಷಯವಾಗಿ ಲೋಕದೆದುರಿಗೆ ಮಾತನಾಡುವಾಗ ಯಾವ ಧರ್ಮಕ್ಕೆ ಕಟ್ಟುಬಿದ್ದಿರುತ್ತಾನೆ?

ಯಾವ ಧರ್ಮಕ್ಕೂ ಇಲ್ಲವೆಂದು ಹೇಳುವವರುಂಟು. ಅಭಿಪ್ರಾಯವೆಂಬುದು ರುಚಿಯ ಮಾತು. ಒಬ್ಬನಿಗೆ ಸಿಹಿಯಾದುದು ಮತ್ತೊಬ್ಬನಿಗೆ ಸಪ್ಪೆ. ದುಡ್ಡು ಕೊಟ್ಟವನು ತನಗೆ ತೋಚಿದುದನ್ನು ಆಡಲು ಸ್ವತಂತ್ರನು ಎಂದು ಅವರ ವಾದ. ಇದರಲ್ಲಿ ಅರ್ಧ ಸತ್ಯವಿದೆ. ಅಥಣಿ ರಸ್ತೆಯ ಖಾನಾವಳಿಯಲ್ಲಿ ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಗಳನ್ನುಂಡ ತೆಂಕಣದ ಪ್ರವಾಸಿಯು, “ಖಾರವು ವಿಪರೀತ, ರೊಟ್ಟಿಯು ಗಟ್ಟಿ” ಎಂದು ಬರೆದರೆ ಅವನು ಸುಳ್ಳು ಹೇಳಿದಂತಾಗಲಿಲ್ಲ. ಆದರೆ ಅವನು ತಿಳಿಸಿದುದು ತನ್ನ ನಾಲಗೆಯ ಸುದ್ದಿಯನ್ನು, ಖಾನಾವಳಿಯ ಸುದ್ದಿಯನ್ನಲ್ಲ. ಖಡಕ್ ರೊಟ್ಟಿಯು ಗಟ್ಟಿಯಾಗಿರದೆ ಮತ್ತೇನಾಗಿರಬೇಕು? “ಬೇಳೆಯು ಹಳಸಿತ್ತು” ಎಂದು ಬರೆದರಾದರೋ ಅದು ನಾಲಗೆಯ ಸುದ್ದಿಯಲ್ಲ. ನಡೆದ ಸಂಗತಿಯ ಸುದ್ದಿ. ಅದು ನಿಜವಾಗಿರಬೇಕು, ಇಲ್ಲವೆ ಸುಳ್ಳಾಗಿರಬೇಕು. ಆದುದರಿಂದ ರುಚಿಯನ್ನು ರುಚಿಯೆಂದೂ ಸಂಗತಿಯನ್ನು ಸಂಗತಿಯೆಂದೂ ಬೇರ್ಪಡಿಸಿ ಹೇಳುವದೇ ಕೊಂಡವನ ಮೊದಲನೆಯ ಕರ್ತವ್ಯವು. ಸಂಗತಿಯನ್ನು ಹೇಳತೊಡಗಿದೊಡನೆಯೇ ಅವನು ಬರಿಯ ಗಿರಾಕಿಯಾಗಿ ಉಳಿಯದೆ ಸಾಕ್ಷಿದಾರನಾಗುತ್ತಾನೆ.

ಸಾಕ್ಷಿಯ ಮಾತನ್ನು ಯಾವಾಗ ನಂಬಬೇಕೆಂಬುದನ್ನು ಭಾರತೀಯ ತಾರ್ಕಿಕರು ಬಹು ಹಿಂದೆಯೇ ವಿಚಾರಿಸಿದ್ದಾರೆ. ಗೌತಮನ ನ್ಯಾಯಸೂತ್ರವು ಶಬ್ದವನ್ನು ಪ್ರಮಾಣಗಳಲ್ಲೊಂದಾಗಿ ಎಣಿಸಿ, ಅದು ಆಪ್ತನ ಉಪದೇಶವೆಂದು ಹೇಳುತ್ತದೆ. ಅದಕ್ಕೆ ಭಾಷ್ಯವನ್ನು ಬರೆದ ವಾತ್ಸ್ಯಾಯನನು ಆಪ್ತನ ಲಕ್ಷಣವನ್ನು ಬಿಡಿಸಿ ತೋರಿಸಿದ್ದಾನೆ. ವಸ್ತುವನ್ನು ಸ್ವತಃ ಕಂಡು ತಿಳಿದಿರಬೇಕು. ಕಂಡುದನ್ನು ಕಂಡಂತೆಯೇ ತಿಳಿಸುವ ಇಚ್ಛೆಯಿರಬೇಕು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಸ್ಪಷ್ಟವಾಗಿ ಹೇಳಿರುವದು ಗಮನಿಸತಕ್ಕದ್ದಾಗಿದೆ. ಅಂದ ಬಳಿಕ ಆಪ್ತನಾಗಲು ಪಾಂಡಿತ್ಯವಾಗಲಿ ಕುಲವಾಗಲಿ ಬೇಕಿಲ್ಲ. ಪಂಪಿನ ವಿಷಯದಲ್ಲಿ ಅದನ್ನು ಎರಡು ಬೇಸಿಗೆ ನಡೆಯಿಸಿದ ಒಕ್ಕಲಿಗನೇ ಆಪ್ತನು. ತನ್ನ ಮಾತಿನ ನೀತಿಯನ್ನು ಅರಿಯಬೇಕೆಂಬ ಗಿರಾಕಿಗೆ ಈ ಎರಡು ಲಕ್ಷಣಗಳಿಗಿಂತ ಒಳ್ಳೆಯ ಒರೆಗಲ್ಲು ಸಿಗಲಾರದು.

ಮೊದಲನೆಯ ಲಕ್ಷಣವು ತಪ್ಪಿದರೆ ಏನಾಗುವದೆಂಬುದಕ್ಕೆ ಇತ್ತೀಚಿನ ಉದಾಹರಣೆಗಳೇ ಇವೆ. 2017ರ ಏಪ್ರಿಲ್ ತಿಂಗಳಲ್ಲಿ ಸ್ನ್ಯಾಪ್‌ಚಾಟ್ ಸಂಸ್ಥೆಯ ಮುಖ್ಯಸ್ಥನು ಭಾರತವನ್ನು ಬಡದೇಶವೆಂದು ಹಗುರಾಗಿ ಮಾತನಾಡಿದನೆಂಬ ಆರೋಪವು ಹಬ್ಬಿತು. ಹಾಗೆ ಆರೋಪಿಸಿದವನು ಆ ಸಂಸ್ಥೆಯನ್ನು ಬಿಟ್ಟ ನೌಕರನು. ಸಂಸ್ಥೆಯು ಅದನ್ನು ಅಲ್ಲಗಳೆಯಿತು. ಆದರೂ ಸಿಟ್ಟಿಗೆದ್ದ ಜನರು ಆ ತಂತ್ರಾಂಶಕ್ಕೆ ಒಂದೊಂದೇ ನಕ್ಷತ್ರವನ್ನು ಕೊಡತೊಡಗಿದರು. ವಿಚಿತ್ರವೆಂದರೆ, ಹೆಸರಿನ ಹೋಲಿಕೆಯಿಂದ ಮೋಸಹೋದ ಕೆಲವರು ಈ ದೇಶದ್ದೇ ಆದ ಸ್ನ್ಯಾಪ್‌ಡೀಲ್ ಎಂಬ ಮಾರಾಟದ ಸಂಸ್ಥೆಗೂ ಅದೇ ಶಿಕ್ಷೆಯನ್ನು ವಿಧಿಸಿದರು! 2020ರ ಮೇ ತಿಂಗಳಲ್ಲಿ ಟಿಕ್‌ಟಾಕ್ ತಂತ್ರಾಂಶದ ಅಂಕವು ಇಂಥದೇ ಒಂದು ಅಲೆಯಲ್ಲಿ ನಾಲ್ಕಕ್ಕೂ ಮೇಲಿನಿಂದ ಒಂದೂಕಾಲರ ಹತ್ತಿರಕ್ಕೆ ಇಳಿಯಿತು. ಗೂಗಲ್ ಸಂಸ್ಥೆಯು ಲಕ್ಷಗಟ್ಟಲೆ ಅಭಿಪ್ರಾಯಗಳನ್ನು ತೆಗೆದುಹಾಕಿತು. ಆ ವರ್ಷದ ಜೂನ್ 29ರಂದು ಭಾರತ ಸರಕಾರವು ಆ ತಂತ್ರಾಂಶವನ್ನು ಬೇರೆ ಕಾರಣಗಳಿಗಾಗಿ ನಿಷೇಧಿಸಿತೆಂಬುದು ನಿಜವು. ಆದರೆ ಮುಂದೆ ಬಂದ ನಿಷೇಧವು ಹಿಂದೆ ಆಡಿದ ಮಾತನ್ನು ಸಾಕ್ಷಿಯನ್ನಾಗಿ ಮಾಡಲಾರದು. ಪ್ರತಿಭಟಿಸುವವನಿಗೆ ಪ್ರತಿಭಟನೆಯ ಹಾದಿಗಳು ಹಲವಿವೆ. ಬಳಸಿದವರ ಸಾಲಿನಲ್ಲಿ ಬಳಸದವನು ನಿಂತು ಮಾತನಾಡಿದರೆ, ಅದು ಎತ್ತನ್ನು ಕಾಣದವನು ಅದರ ಹಲ್ಲೆಣಿಸಿದಂತೆ.

ಎರಡನೆಯ ಲಕ್ಷಣವು ಇನ್ನೂ ಸೂಕ್ಷ್ಮವಾದುದು. ಕಂಡವನೂ ಕಂಡಂತೆ ಹೇಳದಿರಬಹುದು. ಹಣಕ್ಕೆ ಹೊಗಳಿಕೆಯನ್ನು ಬರೆದುಕೊಡುವದು ಒಂದು ಉದ್ಯೋಗವೇ ಆಗಿಬಿಟ್ಟಿದೆ. ಇದನ್ನು ತಡೆಯಲೆಂದು ಭಾರತೀಯ ಮಾನಕ ಬ್ಯೂರೋ 2022ರ ನವೆಂಬರದಲ್ಲಿ ಐಎಸ್ 19000:2022 ಎಂಬ ಮಾನಕವನ್ನು ಹೊರಡಿಸಿತು. ಅದು ಐಚ್ಛಿಕವಾಗಿಯೇ ಪ್ರಾರಂಭವಾಯಿತು. ಅಮೇರಿಕೆಯಲ್ಲಿ ಸುಳ್ಳು ಅಭಿಪ್ರಾಯಗಳ ಕ್ರಯವಿಕ್ರಯವನ್ನು ನಿಷೇಧಿಸುವ ನಿಯಮವು 2024ರ ಅಕ್ಟೋಬರದಿಂದ ಜಾರಿಗೆ ಬಂದಿದೆ. ಆದರೆ ಕಾಯಿದೆಗೆ ಸಿಕ್ಕದ ಸಣ್ಣ ಲಂಚಗಳೂ ಇವೆ. ಪದಾರ್ಥದ ಪೆಟ್ಟಿಗೆಯಲ್ಲಿ ಒಂದು ಚೀಟಿ: ಐದು ನಕ್ಷತ್ರ ಕೊಟ್ಟರೆ ಮುಂದಿನ ಖರೀದಿಯಲ್ಲಿ ರಿಯಾಯತಿ. ಬೀಗರ ಅಂಗಡಿ, ಹೊಗಳದಿದ್ದರೆ ಮುನಿಸು. “ಇಷ್ಟರಿಂದ ಯಾರ ಗಂಟು ಹೋಗುವದು?” ಎಂದು ಮನಸ್ಸು ಸಮಾಧಾನ ಹೇಳುತ್ತದೆ. ಇಂಥ ಚಿಕ್ಕ ಸುಳ್ಳಿನ ಬಲವೆಷ್ಟೆಂಬುದನ್ನು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪ್ರಯೋಗವು ತೋರಿಸಿಕೊಟ್ಟಿದೆ. ಒಂದು ಸುದ್ದಿತಾಣದ ಟಿಪ್ಪಣಿಗಳಿಗೆ ಸಂಶೋಧಕರು ಬೇಕೆಂದೇ ಮೊದಲಿಗೆ ಒಂದು ಮೆಚ್ಚುಗೆಯ ಗುರುತನ್ನು ಹಾಕಿದರು. ಅಷ್ಟರಿಂದಲೇ ಅವುಗಳ ಕೊನೆಯ ಅಂಕವು ಸರಾಸರಿ ನೂರಕ್ಕೆ ಇಪ್ಪತ್ತೈದರಷ್ಟು ಏರಿತು. ಅದೇ ರೀತಿ ಹಾಕಿದ ಸುಳ್ಳು ತೆಗಳಿಕೆಯನ್ನಾದರೋ ಮುಂದೆ ಬಂದ ಓದುಗರೇ ತಿದ್ದಿಬಿಟ್ಟರು. ಸುಳ್ಳು ನಿಂದೆಗಿಂತ ಸುಳ್ಳು ಹೊಗಳಿಕೆಯು ನಿರಪಾಯವೆಂದು ತಿಳಿಯುವವರು ಇದನ್ನು ನೆನೆಯಬೇಕು. ಹೊಗಳಿಕೆಯನ್ನು ಯಾರೂ ಸಂಶಯಿಸುವದಿಲ್ಲವಾದುದರಿಂದ ಅದು ತಡೆಯಿಲ್ಲದೆ ಬೆಳೆಯುತ್ತದೆ.

ಇಷ್ಟರ ಮಟ್ಟಿಗೆ ವಿಷಯವು ಸುಲಭವು. ಕಷ್ಟವು ಬರುವದು, ಕಂಡದ್ದೂ ನಿಜ, ಹೇಳುವ ಇಚ್ಛೆಯೂ ಶುದ್ಧ, ಆದರೆ ಆ ಮಾತಿನಿಂದ ಒಬ್ಬ ಬಡವನ ಹೊಟ್ಟೆಯ ಮೇಲೆ ಹೊಡೆತ ಬೀಳುವದೆಂಬಲ್ಲಿ. ಈ ರಸ್ತೆಯ ಬದಿಗೆ ಒಬ್ಬ ವಿಧವೆಯು ಕಿರಾಣಿ ಅಂಗಡಿಯನ್ನಿಟ್ಟಿರುವಳೆಂದು ಎಣಿಸಬಹುದು. ಗಿರಾಕಿಯು ಮನೆಗೆ ಒಯ್ದ ಜೋಳದಲ್ಲಿ ಹರಳು ಬಹಳ. ತೂಕದಲ್ಲಿಯೂ ಕೊಂಚ ಕಡಿಮೆ. ಅವಳ ಅಂಗಡಿಗೆ ಇದುವರೆಗೆ ನಾಲ್ವರು ಐದೈದು ನಕ್ಷತ್ರಗಳನ್ನಿತ್ತಿದ್ದಾರೆ. ಈ ಗಿರಾಕಿಯು ಒಂದನ್ನು ಕೊಟ್ಟರೆ ಸರಾಸರಿಯು ಐದರಿಂದ 4.2ಕ್ಕೆ ಇಳಿಯುವದು. ಐದುನೂರು ಜನರಿಂದ ಐದೈದನ್ನು ಪಡೆದ ದೊಡ್ಡ ಮಳಿಗೆಗೆ ಅದೇ ಒಂದು ನಕ್ಷತ್ರವು ಬಿದ್ದರೆ ಸರಾಸರಿಯು 4.99ರಲ್ಲಿಯೇ ನಿಲ್ಲುವದು. ಒತ್ತಿದ ಬೆರಳು ಒಂದೇ, ಬಿದ್ದ ಪೆಟ್ಟು ಬೇರೆ. ಅಮೇರಿಕೆಯ ಸಿಯಾಟಲ್ ನಗರದ ಉಪಾಹಾರಗೃಹಗಳನ್ನು ಕುರಿತು ಹಾರ್ವರ್ಡಿನ ಮೈಕೇಲ್ ಲೂಕಾ ಎಂಬ ವಿದ್ವಾಂಸನು 2011ರಲ್ಲಿ ಹೊರಡಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಒಂದು ನಕ್ಷತ್ರವು ಹೆಚ್ಚಿದರೆ ಆದಾಯವು ನೂರಕ್ಕೆ ಐದರಿಂದ ಒಂಬತ್ತರಷ್ಟು ಹೆಚ್ಚುವದು. ಈ ಪರಿಣಾಮವು ಕಂಡುಬಂದುದು ಒಂಟಿ ಅಂಗಡಿಗಳಲ್ಲಿ, ಹಲವು ಶಾಖೆಗಳುಳ್ಳ ದೊಡ್ಡ ಸಂಸ್ಥೆಗಳಲ್ಲಲ್ಲ.

ಹಾಗಾದರೆ ದಯೆಯುಳ್ಳವನು ಸುಮ್ಮನಿರಬೇಕೆ? ಹಲವು ಸಜ್ಜನರು ಹಾಗೆಯೇ ಮಾಡುತ್ತಾರೆ. ಬೇಡವಾದ ಅಂಗಡಿಗೆ ಮತ್ತೆ ಹೋಗದಿದ್ದರಾಯಿತು, ಬಡವಳ ಬಾಳ್ವೆಗೆ ಕಲ್ಲು ಹಾಕುವದೇಕೆ ಎಂದುಕೊಳ್ಳುತ್ತಾರೆ. ಈ ಮೌನವು ಸೌಮ್ಯವಾಗಿ ಕಂಡರೂ ಅದರ ಬೆಲೆಯನ್ನು ತೆರುವವರು ಬೇರೆ ಇದ್ದಾರೆ. ನಾಳೆ ಅದೇ ಅಂಗಡಿಗೆ ದಿನಗೂಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುವ ಹೆಣ್ಣುಮಗಳೂ ಬಡವಳೇ. ಅವಳ ಮುಖವು ಕಾಣುವದಿಲ್ಲ. ಅಂಗಡಿಯವಳ ಮುಖವು ಕಾಣುತ್ತದೆ. ಕಂಡವರಿಗೆ ತೋರಿದ ದಯೆಯನ್ನು ಕಾಣದವರ ಗಂಟಿನಿಂದ ಸಲ್ಲಿಸುವದು ನ್ಯಾಯವಾಗಲಾರದು. ಆದರೆ ಕಾಣದವಳ ಹಿತಕ್ಕೆಂದು ಕಂಡವಳನ್ನು ಎಚ್ಚರಿಕೆಯಿಲ್ಲದೆ ಕೆಡಹುವದೂ ನ್ಯಾಯವಲ್ಲ. ಈ ಎರಡರ ನಡುವೆ ಒಂದು ಹಾದಿಯಿದೆ, ಅದು ಹಳೆಯದೇ. ಮೊದಲು ಅಂಗಡಿಗೆ ಹೋಗಿ, “ಯಕ್ಕಾ, ಜ್ವಾಳದಾಗ ಹಳ್ಳ ಬಾಳ ಅದಾವು, ತೂಕಾನೂ ಕಡಿಮಿ ಬಂದೈತಿ” ಎಂದು ಮುಖಾಮುಖಿ ಹೇಳಬೇಕು. ಅವಳೂ ಮೋಸಹೋಗಿರಬಹುದು, ಚೀಲವನ್ನು ತಂದ ಅಡತಿಯಲ್ಲಿಯೇ ಹರಳಿದ್ದೀತು, ತಕ್ಕಡಿಯು ಕೆಟ್ಟಿದ್ದೀತು. ತಿದ್ದಿಕೊಂಡರೆ ಮುಂದಿನ ಬಡವಳಿಗೂ ಒಳಿತಾಯಿತು, ಅಂಗಡಿಯೂ ಉಳಿಯಿತು. ತಿದ್ದಿಕೊಳ್ಳದಿದ್ದರೆ ಆಗ ನಾಲ್ವರೆದುರಿಗೆ ಹೇಳುವದು ಅವನ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಆಗುವದು. ಆಗಲೂ ಜೋಳದಲ್ಲಿ ಹರಳಿತ್ತೆಂದು ಬರೆಯಬೇಕೇ ಹೊರತು ಅಂಗಡಿಯವಳು ಕಳ್ಳಿಯೆಂದು ಬರೆಯತಕ್ಕದ್ದಲ್ಲ. ಮೊದಲನೆಯದು ಅವನು ಕಂಡುದು, ಎರಡನೆಯದು ಊಹಿಸಿದುದು.

ಇಲ್ಲಿ ಒಂದು ಆಕ್ಷೇಪವುಂಟು. ಮುಖವೇ ಇಲ್ಲದ ಸಂಸ್ಥೆಗೆ ಮುಖಾಮುಖಿ ಹೇಳುವದು ಹೇಗೆ? ಸಮುದ್ರದಾಚೆಗೆ ಕುಳಿತ ತಂತ್ರಾಂಶದ ಒಡೆಯನಿಗೆ ತಿಕೋಟೆಯವನ ದೂರು ಮುಟ್ಟುವ ಬಾಗಿಲಾದರೂ ಎಲ್ಲಿದೆ? ಈ ಆಕ್ಷೇಪವು ಸರಿಯಾದುದೇ. ಅಂಥಲ್ಲಿ ಬಹಿರಂಗದ ಮಾತೇ ಮುಖಾಮುಖಿಯ ಮಾತಾಗುತ್ತದೆ. 2024ರ ಮೇ ತಿಂಗಳಲ್ಲಿ ಹೆಲ್‌ಡೈವರ್ಸ್ 2 ಎಂಬ ಆಟವನ್ನು ಕೊಂಡವರು, ಸೋನಿ ಸಂಸ್ಥೆಯ ಬೇರೊಂದು ಖಾತೆಯನ್ನೂ ತೆರೆಯಲೇಬೇಕೆಂಬ ನಿರ್ಬಂಧಕ್ಕೆ ಒಳಗಾದರು. ಅನೇಕ ದೇಶಗಳಲ್ಲಿ ಆ ಖಾತೆಯನ್ನು ತೆರೆಯುವ ಸೌಕರ್ಯವೇ ಇರಲಿಲ್ಲ. ಎರಡು ಲಕ್ಷಕ್ಕೂ ಮಿಕ್ಕಿದ ಪ್ರತಿಕೂಲ ಅಭಿಪ್ರಾಯಗಳು ಸ್ಟೀಮಿನಲ್ಲಿ ಬಿದ್ದುವು. ಕೆಲವೇ ದಿನಗಳಲ್ಲಿ ಸಂಸ್ಥೆಯು ನಿರ್ಬಂಧವನ್ನು ಹಿಂತೆಗೆದುಕೊಂಡಿತು. ಇದೂ ಒಂದು ಅಲೆಯೇ. ಆದರೆ 2017ರ ಅಲೆಯಂಥದಲ್ಲ. ಸ್ಟೀಮಿನಲ್ಲಿ ಆಟವು ತನ್ನ ಖಾತೆಯಲ್ಲಿಲ್ಲದವನು ಅಭಿಪ್ರಾಯವನ್ನು ಬರೆಯಲಾರನು. ಬರೆದವನು ಎಷ್ಟು ತಾಸು ಆಡಿದ್ದಾನೆಂಬುದೂ ಅವನ ಮಾತಿನ ಜೊತೆಗೇ ಕಾಣುತ್ತದೆ. ಅವರು ಕೊಂಡವರು, ಕಂಡವರು, ತಮಗಾದುದನ್ನೇ ಹೇಳಿದವರು. ಆದುದರಿಂದ ಗುಂಪಾಗಿ ಆಡಿದ ಮಾತ್ರಕ್ಕೆ ಮಾತು ಅಧರ್ಮವಾಗುವದಿಲ್ಲ. ಗುಂಪಿನಲ್ಲಿಯ ಒಬ್ಬೊಬ್ಬನೂ ಆಪ್ತನೇ ಎಂಬುದನ್ನು ನೋಡಬೇಕು.

ಮಾತು ಆಡಿದಲ್ಲಿಗೆ ಕರ್ತವ್ಯವು ಮುಗಿಯಲಿಲ್ಲ. ಜಾತ್ರೆಯಲ್ಲಿ ಆಡಿದ ಮಾತು ಜಾತ್ರೆಯೊಂದಿಗೆ ಕರಗುತ್ತಿತ್ತು. ಬರೆದಿಟ್ಟ ಮಾತು ಉಳಿಯುತ್ತದೆ. ತಕ್ಕಡಿಯನ್ನು ದುರಸ್ತಿ ಮಾಡಿಸಿ ಎರಡು ವರ್ಷವಾದರೂ “ತೂಕವು ಕಡಿಮೆ” ಎಂಬ ಸಾಲು ಅಂಗಡಿಯ ನೊಸಲಿನ ಮೇಲೆ ನಿಂತೇ ಇರುತ್ತದೆ. ನಿಜವಾಗಿದ್ದ ಮಾತು ಕಾಲವು ಸರಿದಂತೆ ಸುಳ್ಳಾಗಬಲ್ಲದು. ಬರೆದವನು ಮರಳಿ ಹೋಗಿ ನೋಡಿ ಅದನ್ನು ತಿದ್ದುವಷ್ಟು ಶ್ರಮವನ್ನು ವಹಿಸಬೇಕು. ತೆಗಳುವದಕ್ಕೆ ಇದ್ದ ವೇಳೆಯು ತಿದ್ದುವದಕ್ಕೆ ಇಲ್ಲವೆನ್ನುವವನು ಸತ್ಯವನ್ನು ಪ್ರೀತಿಸಲಿಲ್ಲ, ತನ್ನ ಸಿಟ್ಟನ್ನು ಪ್ರೀತಿಸಿದನು. ಕಾಯಿದೆಯೂ ಗಿರಾಕಿಯ ಬೆನ್ನಿಗಿದೆ. 1986ರ ಗ್ರಾಹಕ ರಕ್ಷಣೆಯ ಅಧಿನಿಯಮದ ಸ್ಥಾನದಲ್ಲಿ ಬಂದ 2019ರ ಅಧಿನಿಯಮವು 2020ರ ಜುಲೈ 20ರಿಂದ ಜಾರಿಯಲ್ಲಿದ್ದು, ಜಿಲ್ಲೆಯ ಆಯೋಗದಲ್ಲಿ ದೂರು ಕೊಡಲು ಅವಕಾಶವಿದೆ. ಆಯೋಗದಲ್ಲಿ ಎದುರು ಪಕ್ಷಕ್ಕೂ ಉತ್ತರ ಹೇಳುವ ಅವಕಾಶವಿರುತ್ತದೆ. ನಕ್ಷತ್ರವನ್ನೊತ್ತುವ ಗಿರಾಕಿಯು ಆ ವಿಚಾರಣೆಯನ್ನು ತನ್ನ ಮನಸ್ಸಿನಲ್ಲಿಯೇ ನಡೆಯಿಸಬೇಕಾಗುತ್ತದೆ.

ಇದೇ ಜಿಲ್ಲೆಯ ಶಿವಣಗಿಯವನೆಂದು ಹೆಸರಾದ ನುಲಿಯ ಚಂದಯ್ಯನ ಕಥೆಯನ್ನು ಇಲ್ಲಿ ನೆನೆಯಬಹುದು. ಹನ್ನೆರಡನೆಯ ಶತಮಾನದ ಈ ಶರಣನ ಕಾಯಕವು ಹುಲ್ಲು ಕೊಯ್ದು ಹಗ್ಗ ಹೊಸೆಯುವದು. ಸಾಕ್ಷಾತ್ ಲಿಂಗವೇ ಅವನ ಹಗ್ಗವನ್ನು ಮಾರಲು ಒಯ್ದಾಗ ಬಸವಣ್ಣನು ಭಕ್ತಿಯಿಂದ ಅದರ ಬೆಲೆಗಿಂತ ಬಹು ಮಿಗಿಲಾದ ಹೊನ್ನನ್ನು ಕೊಟ್ಟನೆಂದೂ, ಚಂದಯ್ಯನು ಅದನ್ನೊಪ್ಪದೆ ಹಗ್ಗಕ್ಕೆ ಸಲ್ಲುವಷ್ಟೇ ಸಾಕೆಂದನೆಂದೂ ಕಥೆಯಿದೆ. ಕೊಟ್ಟವನು ಭಕ್ತನು, ತಂದವನು ದೇವರು. ಆದರೂ ಹಗ್ಗವು ಹಗ್ಗವೇ. ಅದಕ್ಕೆ ಸಲ್ಲುವ ಬೆಲೆಗಿಂತ ಕಡಿಮೆ ಕೊಡುವದು ಹೇಗೆ ಅನ್ಯಾಯವೋ ಹೆಚ್ಚು ಕೊಡುವದೂ ಹಾಗೆಯೇ ಅನ್ಯಾಯವೆಂದು ಆ ಹಗ್ಗದವನು ಅರಿತಿದ್ದನು. ಕೊಂಡವನು ಆಡುವ ಮಾತೂ ಒಂದು ಬೆಲೆಯೇ. ಸ್ನೇಹಕ್ಕೆ ಏರಿಸದೆ, ಸಿಟ್ಟಿಗೆ ಇಳಿಸದೆ, ಪದಾರ್ಥಕ್ಕೆ ಸಲ್ಲುವಷ್ಟನ್ನೇ ಎಣಿಸಿ ಕೊಟ್ಟರೆ, ತೊರವಿಯ ಜಾತ್ರೆಯಲ್ಲಿ ಎತ್ತಿನ ಹಗ್ಗವನ್ನು ಹಿಡಿದು ನಿಂತ ಅಪರಿಚಿತನು ಅದನ್ನು ನಂಬಿ ಮನೆಗೆ ಹೋಗಬಹುದು.