ಈ ದೇಹ ಯಾರ ಸ್ವತ್ತು?



ಹಿಂದೂಪುರದ ಬೆಲ್ಲದ ಮಂಡಿಯಿರಲಿ, ಕಲ್ಯಾಣದುರ್ಗದ ಕಡಲೆಕಾಯಿ ಹೊಲವಿರಲಿ, ಯಾರಾದರೂ ಎದೆನೋವಿನಿಂದ ತೀರಿಕೊಂಡರೆಂದು ಸುದ್ದಿ ಬಂದಾಗ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ಒಂದು, ‘ಹಣೆಯಲ್ಲಿ ಬರೆದದ್ದನ್ನು ತಪ್ಪಿಸಲು ಯಾರಿಂದಾದೀತು?’ ಎಂಬುದು. ಇನ್ನೊಂದು, ‘ಬಾಯಿ ಕಟ್ಟಲಿಲ್ಲ, ಮಾಡಿದ್ದುಣ್ಣೋ ಮಹಾರಾಯ’ ಎಂಬುದು. ಮೊದಲನೆಯ ಮಾತು ಮನುಷ್ಯನ ಹೊಣೆಯನ್ನೇ ಅಳಿಸಿಬಿಡುತ್ತದೆ. ಎರಡನೆಯದು ಸತ್ತವನ ಮೇಲೆ ಎಲ್ಲ ಹೊಣೆಯನ್ನೂ ಹೊರಿಸಿ, ಉಳಿದವರು ಕೈತೊಳೆದುಕೊಳ್ಳಲು ದಾರಿ ಮಾಡಿಕೊಡುತ್ತದೆ. ಇವೆರಡರಲ್ಲಿ ಯಾವುದು ಸರಿ? ನಾವು ವೈದ್ಯರಲ್ಲ, ಲೆಕ್ಕ ಬರೆಯುವವರು. ಆದರೂ ಇದು ಕೇವಲ ವೈದ್ಯಕೀಯದ ಪ್ರಶ್ನೆಯಲ್ಲ, ಧರ್ಮಾಧರ್ಮದ ಪ್ರಶ್ನೆಯೂ ಹೌದು. ಆದ್ದರಿಂದ ಅದನ್ನು ತಮ್ಮೊಂದಿಗೆ ವಿಚಾರ ಮಾಡಬಯಸುತ್ತೇವೆ.

ಮೊದಲು ಹಣೆಬರಹದ ಮಾತನ್ನೇ ತೆಗೆದುಕೊಳ್ಳೋಣ. 52 ದೇಶಗಳ ಹೃದಯಾಘಾತದ ರೋಗಿಗಳನ್ನು ಪರಿಶೀಲಿಸಿದ ‘ಇಂಟರ್‌ಹಾರ್ಟ್’ ಎಂಬ ಅಧ್ಯಯನವು 2004ರಲ್ಲಿ ಪ್ರಕಟವಾಯಿತು. ಅದರ ಮುಂದಾಳು ಡಾ. ಸಲೀಂ ಯೂಸುಫ್ ಅವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು. ಧೂಮಪಾನ, ರಕ್ತದಲ್ಲಿನ ಕೊಬ್ಬು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು-ತರಕಾರಿಯ ಸೇವನೆ, ಮದ್ಯದ ರೂಢಿ, ದೇಹಶ್ರಮ ಎಂಬ ಒಂಬತ್ತು ಅಂಶಗಳೇ ಮೊದಲ ಹೃದಯಾಘಾತದ ಅಪಾಯದ ಶೇಕಡಾ 90ರಷ್ಟಕ್ಕೆ ಲೆಕ್ಕ ಕೊಡುತ್ತವೆ ಎಂದು ಅದು ಕಂಡುಕೊಂಡಿತು. ಬೇರೆ ದೇಶದವರಿಗೆ ಸರಾಸರಿ 59ರ ವಯಸ್ಸಿನ ಸುಮಾರಿಗೆ ಬರುವ ಮೊದಲ ಆಘಾತ, ನಮ್ಮ ದಕ್ಷಿಣ ಏಷ್ಯಾದವರಿಗೆ 53ಕ್ಕೇ ಬರುತ್ತದೆ ಎಂಬುದೂ ಅದರಿಂದ ತಿಳಿಯಿತು. ತಂದೆ-ತಾತಂದಿರಿಂದ ಬಂದ ಗುಣ ಇಲ್ಲವೆಂದಲ್ಲ. ಆದರೆ ರೈತನಿಗೆ ಈ ವಿವೇಕ ಹೊಸದೇನೂ ಅಲ್ಲ. ಮಳೆ ಅವನ ಕೈಯಲ್ಲಿಲ್ಲ, ಬದು ಹಾಕುವುದು ಅವನ ಕೈಯಲ್ಲಿದೆ. ಮಳೆ ದೈವಾಧೀನವೆಂದು ಬದು ಹಾಕದೆ ಕುಳಿತವನನ್ನು ಯಾರೂ ಭಕ್ತನೆನ್ನುವುದಿಲ್ಲ, ಸೋಮಾರಿಯೆನ್ನುತ್ತಾರೆ.

ಹಾಗಾದರೆ ಎರಡನೆಯ ಮಾತೇ ಸರಿಯೆ? ಅದೂ ಅಲ್ಲ. ನಟ ಪುನೀತ್ ರಾಜಕುಮಾರ್ ಅವರು 2021ರ ಅಕ್ಟೋಬರ್ 29ರಂದು, ತಮ್ಮ 46ನೆಯ ವಯಸ್ಸಿನಲ್ಲಿ ಹೃದಯಸ್ತಂಭನದಿಂದ ತೀರಿಕೊಂಡರು. ಅವರು ವ್ಯಾಯಾಮಪ್ರಿಯರೆಂದು ನಾಡೆಲ್ಲ ಬಲ್ಲದು. ಆ ಸುದ್ದಿಯ ನಂತರ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿ ನಿಂತರು. ‘ವ್ಯಾಯಾಮ ಮಾಡಿದವರೇ ಹೋದರು, ಇನ್ನು ನಾವೇಕೆ ಮಾಡಬೇಕು?’ ಎಂದು ಕೇಳಿದವರೂ ಇದ್ದರು. ಒಳ್ಳೆಯ ರೂಢಿ ಅಪಾಯವನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಬಿತ್ತನೆಗೆ ಒಳ್ಳೆಯ ಬೀಜ ಹಾಕಿದವನ ಬೆಳೆಯೂ ಒಮ್ಮೊಮ್ಮೆ ಕೈಕೊಡುತ್ತದೆ. ಹಾಗೆಂದು ಮರುವರ್ಷ ಯಾರೂ ಜೊಳ್ಳು ಬಿತ್ತುವುದಿಲ್ಲ. ಆದ್ದರಿಂದ ರೋಗವು ಒಬ್ಬನ ನಡತೆಗೆ ಕೊಟ್ಟ ತೀರ್ಪಲ್ಲ. ಹಾಸಿಗೆ ಹಿಡಿದವನ ತಲೆದಿಂಬಿನ ಬಳಿ ಕುಳಿತು ಅವನ ತಪ್ಪುಗಳನ್ನು ಎಣಿಸುವುದು ಧರ್ಮವಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ‘ನನ್ನ ದೇಹ, ನನ್ನಿಷ್ಟ. ಬೀಡಿ ಸೇದಿದರೆ ನಿಮಗೇನು ನಷ್ಟ?’ ಎಂದು ಕೇಳುವವರಿದ್ದಾರೆ. ವ್ಯಾಪಾರಸ್ಥರಿಗೆ ಒಂದು ಮಾತು ಗೊತ್ತು. ಗಲ್ಲಾಪೆಟ್ಟಿಗೆಯಲ್ಲಿರುವ ಹಣವೆಲ್ಲ ತನ್ನದಲ್ಲ. ಅದರಲ್ಲಿ ರೈತನ ಬಾಕಿ ಇದೆ, ಹಮಾಲಿಯ ಕೂಲಿ ಇದೆ. ದೇಹವೂ ಹಾಗೆಯೇ. ಸಾಕಿದ ತಾಯಿಯ ಪಾಲು, ನಂಬಿದ ಹೆಂಡತಿಯ ಪಾಲು, ಓದುತ್ತಿರುವ ಮಕ್ಕಳ ಪಾಲು ಅದರಲ್ಲಿದೆ. ಶರಣರು ಕಾಯಕವನ್ನು ಎತ್ತರದ ಸ್ಥಾನದಲ್ಲಿಟ್ಟರು. ಕಾಯವಿಲ್ಲದೆ ಕಾಯಕವೆಲ್ಲಿ? ಅಸಲನ್ನೇ ತಿಂದುಹಾಕಿದ ಮೇಲೆ ದಾಸೋಹಕ್ಕೆ ಉಳಿಯುವುದೇನು? ಆದುದರಿಂದ ನಾವು ಈ ದೇಹದ ಮಾಲೀಕರೆಂಬುದಕ್ಕಿಂತ ಪಾರುಪತ್ಯಗಾರರೆಂಬುದೇ ಸರಿ.

ಪುಟ್ಟಪರ್ತಿಯ ಬಳಿ 1991ರಲ್ಲಿ ಆರಂಭವಾದ ಸತ್ಯಸಾಯಿ ಆಸ್ಪತ್ರೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡುತ್ತ ಬಂದಿದ್ದಾರೆ. ಬೆಂಗಳೂರಿನ ಜಯದೇವ ಸಂಸ್ಥೆಗೆ ಚಿತ್ರದುರ್ಗದ ಮುರುಘಾಮಠದ ಜಯದೇವ ಶ್ರೀಗಳ ಹೆಸರಿದೆ. ಇವೆಲ್ಲ ನಮ್ಮ ಭಾಗ್ಯ. ಆದರೆ ಚಿಕಿತ್ಸೆ ಉಚಿತವಾದರೂ ಮನೆಯವರ ಕಣ್ಣೀರು ಉಚಿತವಲ್ಲ.

ಪಾರುಪತ್ಯಗಾರನ ಕೆಲಸ ದೊಡ್ಡದೇನಲ್ಲ. ಬೀಡಿ, ಸಿಗರೇಟು ಬಿಟ್ಟ ಒಂದು ವರ್ಷದಲ್ಲಿ, ಅವುಗಳಿಂದ ಹೃದಯಕ್ಕೆ ಬಂದಿದ್ದ ಹೆಚ್ಚಿನ ಅಪಾಯ ಅರ್ಧದಷ್ಟು ಇಳಿಯುತ್ತದೆ. ದಿನಕ್ಕೆ 5 ಗ್ರಾಂ, ಎಂದರೆ ಒಂದು ಸಣ್ಣ ಚಮಚದಷ್ಟು ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳ ಉಪ್ಪೂ ಈ ಲೆಕ್ಕಕ್ಕೆ ಸೇರಿದ್ದು. ಕಡಲೆಕಾಯಿ ನಮ್ಮ ಶತ್ರುವಲ್ಲ. ಒಂದೇ ಬಾಣಲೆಯ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಕರಿದ ಮೆಣಸಿನಕಾಯಿ ಬಜ್ಜಿಯಿಂದ ದೂರವಿರಬೇಕು. ರಾಗಿಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು ನಮ್ಮ ಹಿರಿಯರೇ ಬಿಟ್ಟುಹೋದ ಆಸ್ತಿ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಬೇಕು. ‘ನಾವು ರೈತರು, ನಮಗೇಕೆ ನಡಿಗೆ?’ ಎನ್ನುವವರು, ಟ್ರ್ಯಾಕ್ಟರ್ ಮತ್ತು ಮೋಟಾರ್ ಬೈಕು ಬಂದ ಮೇಲೆ ದಿನಕ್ಕೆ ಎಷ್ಟು ಹೆಜ್ಜೆ ಇಡುತ್ತಿದ್ದೇವೆಂದು ಎಣಿಸಿ ನೋಡಲಿ. ಬೆಳಗಿನಿಂದ ರಾತ್ರಿಯವರೆಗೆ ಗಾದಿಯ ಮೇಲೆ ಕೂರುವ ವರ್ತಕರಿಗಂತೂ ಹೇಳಬೇಕಾದದ್ದೇ ಇಲ್ಲ. ಮೂವತ್ತು ದಾಟಿದವರು ರಕ್ತದೊತ್ತಡ ಮತ್ತು ಸಕ್ಕರೆಯನ್ನು ವರ್ಷಕ್ಕೊಮ್ಮೆಯಾದರೂ ನೋಡಿಸಿಕೊಳ್ಳಬೇಕು. ವರ್ಷದ ಲೆಕ್ಕ ತಪಾಸಣೆಯನ್ನು ಯಾವ ಅಂಗಡಿಯೂ ತಪ್ಪಿಸುವುದಿಲ್ಲವಷ್ಟೆ.

ಆದರೆ ಹೊಣೆಯೆಲ್ಲ ಒಬ್ಬನದೇ ಎಂದರೆ ಅನ್ಯಾಯವಾದೀತು. ಮೇಲೆ ಹೇಳಿದ ಒಂಬತ್ತರಲ್ಲಿ ಮನಸ್ಸಿನ ಒತ್ತಡವೂ ಒಂದು. ಮಳೆ ಕೈಕೊಟ್ಟು, ಬಡ್ಡಿ ಬೆಳೆಯುತ್ತಿರುವ ರೈತನಿಗೆ ‘ಚಿಂತೆ ಬಿಡು’ ಎಂದರೆ ಚಿಂತೆ ಹೋಗುತ್ತದೆಯೆ? ಸಾಲ ಕೊಟ್ಟವನು ಒಂದು ಸುಗ್ಗಿಯವರೆಗೆ ತಾಳಿಕೊಂಡರೆ, ಅದು ಔಷಧಕ್ಕೆ ಕಡಿಮೆಯಾದ ಉಪಕಾರವಲ್ಲ. ಮದುವೆ, ಗೃಹಪ್ರವೇಶಗಳಲ್ಲಿ ‘ಇನ್ನೊಂದು ಹೋಳಿಗೆ, ನಮ್ಮಾಣೆ’ ಎಂದು ಒತ್ತಾಯಿಸಿ ಬಡಿಸುವವರು, ಸಕ್ಕರೆ ಕಾಯಿಲೆಯವರು ಎಲೆಗೆ ಕೈ ಅಡ್ಡ ಇಟ್ಟಾಗ ಅದನ್ನು ಅವಮಾನವೆಂದು ಎಣಿಸಬಾರದು. ಅತಿಥಿಯ ಆಯುಷ್ಯ ಬಯಸುವುದೇ ನಿಜವಾದ ಆದರ. ಎಲ್ಲರ ಊಟವಾದ ಮೇಲೆ ಉಳಿದದ್ದನ್ನುಂಡು, ತನ್ನ ಆಯಾಸವನ್ನು ಯಾರಿಗೂ ಹೇಳದ ಮನೆಯ ತಾಯಿಯ ಹೃದಯವೂ ಹೃದಯವೇ ಎಂಬುದನ್ನು ಗಂಡಸರು ಮರೆಯಬಾರದು. ಹೆಂಗಸರಲ್ಲಿ ಎಷ್ಟೋ ಸಲ ಈ ರೋಗ ಎದೆನೋವಿಗಿಂತ ಏದುಸಿರು, ಸುಸ್ತು, ವಾಕರಿಕೆಗಳಾಗಿ ತೋರಿಕೊಳ್ಳುತ್ತದೆ.

ಕೊನೆಯದಾಗಿ ಮುಚ್ಚಿಡುವ ರೂಢಿಯ ಬಗ್ಗೆ ಒಂದು ಮಾತು. ಮಗಳ ಮದುವೆ ಹತ್ತಿರವಿದೆ, ಕಟಾವು ನಡೆದಿದೆ ಎಂದು ಎದೆನೋವನ್ನು ನುಂಗಿಕೊಳ್ಳುವುದನ್ನು ಕೆಲವರು ತ್ಯಾಗವೆಂದು ತಿಳಿದಿದ್ದಾರೆ. ಎದೆ ಹಿಂಡಿದಂತಾಗಿ ನೋವು ಎಡಗೈಗೋ ದವಡೆಗೋ ಇಳಿದರೆ, ತಣ್ಣನೆಯ ಬೆವರು ಬಂದರೆ, ಅದನ್ನು ಗ್ಯಾಸೆಂದು ಸೋಡಾ ಕುಡಿದು ಮಲಗುವುದು ತ್ಯಾಗವಲ್ಲ. ನಿಮಿಷ ನಿಮಿಷಕ್ಕೂ ಹೃದಯದ ಮಾಂಸಖಂಡ ಸಾಯುತ್ತಿರುತ್ತದೆ. ತಕ್ಷಣ 108ಕ್ಕೆ ಫೋನ್ ಮಾಡಬೇಕು. ಮದುವೆಯ ಚಪ್ಪರದಲ್ಲಿ ಮಗಳಿಗೆ ತಂದೆಯೇ ಬೇಕು, ತಂದೆಯ ತ್ಯಾಗದ ಕಥೆಯಲ್ಲ.

ಹಣೆಬರಹವೆಂದು ಕೈಚೆಲ್ಲುವುದೂ ಬೇಡ, ಬಿದ್ದವನನ್ನು ನಿಂದಿಸುವುದೂ ಬೇಡ. ನಮ್ಮ ಕೈಲಿರುವಷ್ಟನ್ನು ಪ್ರಾಮಾಣಿಕವಾಗಿ ಮಾಡಿ, ಮಿಕ್ಕದ್ದನ್ನು ಶಿವನಿಗೆ ಬಿಡೋಣ. ನೆರೆಯವನ ಕೈಯಿಂದಾಗದ್ದಕ್ಕೆ ನಮ್ಮ ಕೈ ಜೋಡಿಸೋಣ. ಈ ವಿಚಾರವನ್ನು ಮನೆಯ ಹೆಣ್ಣುಮಕ್ಕಳಿಗೂ ಕಿರಿಯರಿಗೂ ಓದಿ ಹೇಳಬೇಕೆಂದು ತಮ್ಮಲ್ಲಿ ವಿನಂತಿಸುತ್ತೇವೆ.