ಬಿಸಿ ಎಲ್ಲಿಗೆ ಹೋಯಿತು?

ಕಲಬುರಗಿಯ ಬೇಸಿಗೆಯ ಬಗ್ಗೆ ಹೇಳಹೊರಟರೆ ಅದೇ ಒಂದು ಪುರಾಣವಾದೀತು. ಏಪ್ರಿಲ್ ಬಂತೆಂದರೆ ಬೆಳಗಿನ ಹತ್ತು ಗಂಟೆಗೇ ಬಾಗಿಲ ಚಿಲಕ ಮುಟ್ಟಿದರೆ ಕೈ ಚುರ್ರೆನ್ನುತ್ತದೆ. ನಲ್ಲಿ ತಿರುಗಿಸಿದರೆ ಕಾಯಿಸಿದ ನೀರೇ ಬರುತ್ತದೆ. ಮದುವೆಯಾಗಿ ಈ ಊರಿಗೆ ಬಂದು ಇಪ್ಪತ್ತೆಂಟು ವರ್ಷವಾದರೂ ನಾನು ಈ ಬಿಸಿಲಿಗೆ ಒಗ್ಗಲಿಲ್ಲ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಅತ್ತೆಯವರು ಮಾತ್ರ, “ಬಿಸಲಂದ್ರ ಬಿಸಲು, ಅದಕ್ಯಾಕ ಬೈತಿ?” ಎಂದು ನಗುತ್ತಿದ್ದರು. ಕಿಟಕಿಗೆ ಒದ್ದೆ ಸೀರೆ ಕಟ್ಟಿ, ನೆಲಕ್ಕೆ ನೀರು ಚಿಮುಕಿಸಿ, ಮಧ್ಯಾಹ್ನ ಒಂದು ಜೊಂಪು ನಿದ್ದೆ ತೆಗೆದರೆ ಅವರ ಬೇಸಿಗೆ ಮುಗಿಯಿತು.

ಅಂಥವರಿಗೆ 2021ರಲ್ಲಿ ಪಾರ್ಶ್ವವಾಯು ಬಡಿಯಿತು. ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ಮಾತೂ ಅರ್ಧಕ್ಕರ್ಧ ಹೋಯಿತು. ಬೆನ್ನಿಗೆ ಹುಣ್ಣಾಗದಂತೆ ನೋಡಿಕೊಳ್ಳಿ, ಮೈ ಬೆವರದಿರಲಿ, ಕೋಣೆ ತಂಪಾಗಿರಲಿ ಎಂದರು ಡಾಕ್ಟರು. ನಮ್ಮದು ಬಾಡಿಗೆ ಮನೆ. ಗೋಡೆ ಕೊರೆಯಲು ಮಾಲೀಕರು ಒಪ್ಪಲಿಲ್ಲ. ಹೀಗಾಗಿ ಗೋಡೆಗೆ ಹಾಕುವ ಅಗತ್ಯವಿಲ್ಲದ, ಚಕ್ರದ ಮೇಲೆ ಓಡಾಡುವ, ಒಂದು ಟನ್ನಿನ ಎ.ಸಿ. ನಮ್ಮ ಮನೆಗೆ ಬಂತು. ಅದರ ಬೆನ್ನಿನಿಂದ ದಪ್ಪನೆಯ ಪ್ಲಾಸ್ಟಿಕ್ ಕೊಳವೆಯೊಂದು ಹೊರಟು ಕಿಟಕಿಯನ್ನು ಸೇರುತ್ತದೆ. ಕಿಟಕಿಯ ಉಳಿದ ಭಾಗಕ್ಕೆ ಪ್ಲೈವುಡ್ ಹಲಗೆ ಬಡಿದು ಮುಚ್ಚಿದೆವು. ಮಲಗಿದಲ್ಲಿಂದಲೇ ಅದನ್ನು ನೋಡಿದ ಅತ್ತೆ ತಡವರಿಸುತ್ತಾ “ಗ... ಗಣಪ” ಎಂದರು. ಅಂದಿನಿಂದ ಮನೆಯಲ್ಲಿ ಅದರ ಹೆಸರು ಗಣಪ, ಕೊಳವೆಯ ಹೆಸರು ಸೊಂಡಿಲು.

ಗಣಪನ ಸೇವೆ ನನ್ನ ಪಾಲಿಗೆ ಬಂತು. ಅದೇನೂ ಕಷ್ಟದ್ದಲ್ಲ. ಹದಿನೈದು ದಿನಕ್ಕೊಮ್ಮೆ ಹಿಂದಿನ ಜಾಲರಿ ಬಿಚ್ಚಿ ತೊಳೆದು ನೆರಳಲ್ಲಿ ಒಣಗಿಸಬೇಕು. ಧೂಳು ಕಟ್ಟಿದರೆ ತಂಪು ಕಡಿಮೆಯಾಗಿ ಕರೆಂಟ್ ಬಿಲ್ ಏರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಾದ ದಿನ ಒಳಗಿನ ತಟ್ಟೆಯಲ್ಲಿ ನೀರು ತುಂಬಿ ಯಂತ್ರ ತಾನಾಗಿ ನಿಂತುಬಿಡುತ್ತದೆ. ಆಗ ತಳದ ರಬ್ಬರ್ ಬಿರಡೆ ತೆಗೆದು ನೀರು ಬಸಿಯಬೇಕು. ಬೆರಳ ತುದಿಯಷ್ಟಿರುವ ಆ ಬಿರಡೆ ಕಳೆದುಹೋದರೆ ಗತಿಯೇನೆಂದು ಅದಕ್ಕೊಂದು ದಾರ ಕಟ್ಟಿಟ್ಟಿದ್ದೇನೆ. ಸೊಂಡಿಲು ಆದಷ್ಟು ಮೊಟಕಾಗಿ, ನೆಟ್ಟಗೆ ಇರಬೇಕು. ಇದು ಕೋಣೆಯ ಗಾಳಿಯನ್ನೇ ಹೊರಗೆ ನೂಕುವುದರಿಂದ ಅಷ್ಟೇ ಬಿಸಿಗಾಳಿ ಬಾಗಿಲಿನ ಅಡಿಯಿಂದ ಒಳಗೆ ನುಸುಳುತ್ತದೆ. ಹಾಗಾಗಿ ಅಲ್ಲಿಗೊಂದು ಹಳೆಯ ಸೀರೆಯ ಸುರುಳಿ.

ಮೊದಲ ಸಲ ಸರ್ವೀಸಿಗೆ ಬಂದ ಹುಡುಗ ಒಂದು ಮಾತು ಹೇಳಿದ್ದ. “ಅಕ್ಕಾರ, ಇದು ತಂಪು ಮಾಡಂಗಿಲ್ರಿ. ಒಳಗಿನ ಬಿಸಿ ಹೊತ್ಕೊಂಡು ಹೋಗಿ ಹೊರಗ ಒಗೀತದ, ಅಷ್ಟೇ.” ನಾನು ತಲೆಯಾಡಿಸಿ ಅವನಿಗೆ ಚಹ ಕೊಟ್ಟೆ. ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

2024ರ ಏಪ್ರಿಲ್‌ನಲ್ಲಿ, ಬಿಸಿಲು 40 ಡಿಗ್ರಿ ದಾಟಿದ್ದ ದಿನಗಳಲ್ಲಿ, ಸೊಂಡಿಲು ಮಡಿಕೆ ಮಡಿಕೆಯಲ್ಲಿ ಸೀಳಿತು. ಮೂರು ಬೇಸಿಗೆ ಬಿಸಿ ಕುಡಿದ ಪ್ಲಾಸ್ಟಿಕ್ಕು ಹಪ್ಪಳದಂತಾಗಿತ್ತು, ಮುಟ್ಟಿದರೆ ಚೂರು. ಮುಂದಿನಿಂದ ತಂಪು, ಹಿಂದಿನಿಂದ ಬಿಸಿ, ಎರಡೂ ಅದೇ ಕೋಣೆಯಲ್ಲಿ! ಯಂತ್ರ ಆರಿಸಿ, ಒದ್ದೆ ಬಟ್ಟೆ ಹಿಡಿದು ಅತ್ತೆಯ ಪಕ್ಕ ಕುಳಿತೆ.

ಬಿಡಿಭಾಗದ ಬೇಟೆ ಶುರುವಾಯಿತು. ಸರ್ವೀಸ್ ಕೇಂದ್ರದಲ್ಲಿ ಕಂಪ್ಯೂಟರ್ ನೋಡಿ, “ಈ ಮಾಡೆಲ್ ನಿಂತಿದೆ ಮೇಡಂ, ಪೈಪ್ ಬರುವುದಿಲ್ಲ. ಇದನ್ನು ಕೊಟ್ಟು ಹೊಸದು ತೆಗೆದುಕೊಳ್ಳಿ” ಎಂದರು. ಒಂದು ಕೊಳವೆಗಾಗಿ ಗಟ್ಟಿಮುಟ್ಟಾದ ಯಂತ್ರವನ್ನೇ ಗುಜರಿಗೆ ಹಾಕಬೇಕೆ? ಸೀರೆಯ ಅಂಚು ಬಿಟ್ಟರೆ ಫಾಲ್ ಹಚ್ಚುತ್ತೇವೆ, ಕುಕ್ಕರಿನ ಗ್ಯಾಸ್ಕೆಟ್ ಸಡಿಲಾದರೆ ಗ್ಯಾಸ್ಕೆಟ್ ತರುತ್ತೇವೆ, ಕುಕ್ಕರ್ ಎಸೆಯುವುದಿಲ್ಲ. ನಮ್ಮಂಥವರ ಈ ಗೋಳಿಗಾಗಿಯೇ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ‘ರೈಟ್ ಟು ರಿಪೇರ್’ ಎಂಬ ಜಾಲತಾಣ ಆರಂಭಿಸಿದೆ. ದುರಸ್ತಿ, ಬಿಡಿಭಾಗಗಳ ವಿವರವನ್ನು ಕಂಪನಿಗಳು ಅಲ್ಲಿ ಕೊಡಬೇಕೆಂಬುದು ಉದ್ದೇಶ. ಮಗ ಹುಡುಕಿದ, ನಮ್ಮ ಗಣಪನ ಸೊಂಡಿಲು ಅಲ್ಲಿಯೂ ಸಿಗಲಿಲ್ಲ. ಬೆಂಗಳೂರಿನಿಂದ ತರಿಸಿದ ಒಂದು ಕೊಳವೆಯ ಸುತ್ತು ಎಡಕ್ಕೆ, ನಮ್ಮ ಯಂತ್ರದ ಕೊರಳಿನ ಸುತ್ತು ಬಲಕ್ಕೆ. ಎಷ್ಟು ತಿರುಗಿಸಿದರೂ ಕೂರಲಿಲ್ಲ.

ಹೀಗೆ ಹದಿನೈದು ದಿನ ಕಳೆದವು. ಅತ್ತೆಗೆ ಒಂದಿಷ್ಟು ಗಾಳಿಯಾದರೂ ಆಡಲೆಂದು ಒಂದು ಸಂಜೆ ಹಲಗೆಯ ಮೊಳೆ ಕಿತ್ತು ಕಿಟಕಿ ತೆರೆದೆ. ಮೂರು ವರ್ಷದ ನಂತರ!

ಕಿಟಕಿಯಾಚೆ ನಾಲ್ಕಡಿ ಅಗಲದ ಸಂದಿ. ಅದಕ್ಕೆ ಹಿಂದಿನ ಓಣಿಯಿಂದ ದಾರಿ. ಅಲ್ಲಿ ತಗಡಿನ ಮಾಡಿನ ಕೆಳಗೆ ಒಬ್ಬ ಹೆಣ್ಣುಮಗಳು ಒಲೆ ಹೂಡಿ ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಾಳೆ. ರೊಟ್ಟಿ ಬಡಿಯುವ ಸದ್ದನ್ನು ನಾನು ದಿನವೂ ಕೇಳಿದ್ದೆ. ಅವಳನ್ನು ನೋಡಿದ್ದು ಕಡಿಮೆ. ಅಂದು ನೋಡಿದರೆ ನಮ್ಮ ಕಿಟಕಿಯ ಪಕ್ಕದಲ್ಲೇ ಸೀರೆಯ ತೊಟ್ಟಿಲು ಕಟ್ಟಿದ್ದಳು. ಒಳಗೆ ಕೂಸು ನಿದ್ದೆ ಮಾಡುತ್ತಿತ್ತು.

“ಯಾಕ್ರಿ ಅಕ್ಕಾರ, ನಿಮ್ಮ ಮಷೀನ್ ಕೆಟ್ಟದೇನ್ರಿ?” ಎಂದಳು.

“ಹೌದವ್ವ. ನಿನಗ್ಯಾಂಗ ಗೊತ್ತಾತು?”

“ಗೊತ್ತಾಗ್ದ ಏನ್ರಿ? ಬಿಸಿ ಗಾಳಿ ಬರೂದು ನಿಂತದಲ್ಲ. ಅದಕ್ಕ ತೊಟ್ಟಲ ಈ ಕಡೆ ಕಟ್ಟೀನ್ರಿ. ಒಳಗ ಬೆಳಕಿಲ್ಲ, ಸೊಳ್ಳಿ ಭಾಳ.”

ನನಗೆ ಮಾತು ಹೊರಡಲಿಲ್ಲ. “ಒಂದು ಮಾತು ಹೇಳಬಾರದಾಗಿತ್ತೇನವ್ವ?” ಎಂದು ಕೇಳಿದೆ, ತಪ್ಪು ಅವಳದೇ ಎಂಬಂತೆ.

“ಹೆಂಗ ಹೇಳ್ಲಿ ಅಕ್ಕಾರ? ಮುದುಕಿ ಜೀವ ಅದ ಒಳಗ.”

ಆ ರಾತ್ರಿ ಸರ್ವೀಸಿನ ಹುಡುಗನ ಮಾತು ತಲೆಗೆ ಹೋಯಿತು. ಮಗನನ್ನು ಕೂರಿಸಿಕೊಂಡು ಲೆಕ್ಕ ಕೇಳಿದೆ. ಒಂದು ಟನ್ ಎಂದರೆ ಯಂತ್ರದ ತೂಕವಲ್ಲವಂತೆ. ಸುಮಾರು 900 ಕಿಲೋ ಮಂಜುಗಡ್ಡೆ ಒಂದು ಹಗಲು ಒಂದು ರಾತ್ರಿಯಲ್ಲಿ ಕರಗುವಾಗ ಎಷ್ಟು ಬಿಸಿ ಹೀರುತ್ತದೋ ಅಷ್ಟನ್ನು ಹೊರಹಾಕುವ ಶಕ್ತಿ. ಕರೆಂಟಿನ ಲೆಕ್ಕದಲ್ಲಿ ಹೇಳಿದರೆ ಗಂಟೆಗೆ ಮೂರೂವರೆ ಯೂನಿಟ್‌ನಷ್ಟು ಬಿಸಿ. ಅದನ್ನು ಸಾಗಿಸಲು ಯಂತ್ರ ತಿನ್ನುವ ಒಂದೂಕಾಲು ಯೂನಿಟ್ಟೂ ಕೊನೆಗೆ ಬಿಸಿಯೇ ಆಗಿ ಅದೇ ಸೊಂಡಿಲಿನಿಂದ ಹೋಗುತ್ತದೆ. ನಮಗೆ ಮೂರೂವರೆ ಪಾಲು ತಂಪು, ಸಂದಿಗೆ ಹತ್ತಿರ ಹತ್ತಿರ ಐದು ಪಾಲು ಬಿಸಿ. ಒಳಗಿನ ಲಾಭಕ್ಕಿಂತ ಹೊರಗಿನ ನಷ್ಟ ಯಾವಾಗಲೂ ಒಂದು ಕೈ ಹೆಚ್ಚೇ. ಎಷ್ಟು ದುಡ್ಡು ಕೊಟ್ಟರೂ ಈ ಲೆಕ್ಕ ತಿರುಗುಮುರುಗಾಗುವ ಯಂತ್ರ ಸಿಗುವುದಿಲ್ಲ.

ಹಾಗಾದರೆ ನಾವು ಮಾಡಿದ್ದು ತಪ್ಪೇ? ಹಾಸಿಗೆ ಹಿಡಿದ ಎಪ್ಪತ್ತೆಂಟರ ಹಿರಿಯರನ್ನು ತಂಪಾಗಿಡುವುದು ತಪ್ಪಾಗುವುದು ಹೇಗೆ? ಈ ಸಮಾಧಾನ ಕೈಗೆಟುಕುವಂತೆಯೇ ಇತ್ತು. ಆದರೆ ಮನಸ್ಸು ಒಪ್ಪಲಿಲ್ಲ. ಮೊದಲ ವರ್ಷ ಯಂತ್ರ ಓಡುತ್ತಿದ್ದದ್ದು ಅತ್ತೆಗಾಗಿ, ಮಧ್ಯಾಹ್ನ ಮಾತ್ರ. ಎರಡನೆಯ ವರ್ಷ ಮಗನ ಓದು ಆ ಕೋಣೆಗೆ ಬಂತು. ಮೂರನೆಯ ವರ್ಷ ಟಿ.ವಿ.ಯೂ ಬಂತು, ಅದರ ಹಿಂದೆ ನಾನೂ ಬಂದೆ. ರಾತ್ರಿ ಎಲ್ಲರ ಹಾಸಿಗೆಯೂ ಅಲ್ಲೇ. ಯಂತ್ರವನ್ನು ಮನೆಗೆ ತಂದದ್ದು ಅಗತ್ಯ. ಹಗಲೂ ರಾತ್ರಿ ಓಡಿಸಿದ್ದು ಸುಖ. ಯಾರಾದರೂ ಕೇಳಿದರೆ ಮುಂದೆ ಮಾಡುತ್ತಿದ್ದುದು ಮಾತ್ರ ಅತ್ತೆಯ ಕಾಯಿಲೆಯನ್ನು. ಆ ರೊಟ್ಟಿಯವಳೂ ಅದನ್ನೇ ನಂಬಿ ಮೂರು ಬೇಸಿಗೆ ಒಲೆಯ ಬಿಸಿಯ ಜೊತೆ ನಮ್ಮದನ್ನೂ ತಡೆದುಕೊಂಡಿದ್ದಳು.

ಅವಳು ಸುಮ್ಮನಿದ್ದಳು, ನಾವು ಅದನ್ನು ಒಪ್ಪಿಗೆ ಎಂದುಕೊಂಡೆವು. ಇಲ್ಲ, ಅಷ್ಟೂ ಅಲ್ಲ. ಅಲ್ಲೊಬ್ಬಳಿದ್ದಾಳೆ ಎಂದೇ ಅಂದುಕೊಳ್ಳಲಿಲ್ಲ. ಬಿಸಿ ಬಾರದಿರಲೆಂದು ಬಡಿದ ಹಲಗೆ ನಮ್ಮ ಕಣ್ಣಿಗೂ ಅಡ್ಡವಾಗಿತ್ತು. ಹೆಂಗಸರಾದ ನಮಗೆ ಇದು ಹೊಸದಲ್ಲ ನೋಡಿ. ಮನೆಯವರೆಲ್ಲರ ನೆಮ್ಮದಿಯ ಬಿಸಿ ಅಡುಗೆಮನೆಯಲ್ಲಿ ಯಾರಿಗೆ ತಾಗುತ್ತದೆಂದು ನಮಗೆ ಗೊತ್ತು. “ನೀನೇನೂ ಹೇಳಲಿಲ್ಲವಲ್ಲ?” ಎಂಬ ಮಾತನ್ನು ಎಷ್ಟು ಸಲ ಕೇಳಿಲ್ಲ! ಅದೇ ಮಾತನ್ನು ಅಂದು ಕಿಟಕಿಯಲ್ಲಿ ನಿಂತು ನಾನೇ ಆಡಿದ್ದೆ.

ಇನ್ನೊಂದು ಯೋಚನೆಯೂ ಕಾಡಿತು. ಸರ್ವೀಸ್ ಕೇಂದ್ರದಲ್ಲಿ ಕೇಳಿದ ಕೂಡಲೇ ಕೊಳವೆ ಸಿಕ್ಕಿದ್ದರೆ? ಹತ್ತು ನಿಮಿಷದಲ್ಲಿ ಸಿಕ್ಕಿಸಿ ಗುಂಡಿ ಒತ್ತುತ್ತಿದ್ದೆ. ಹಲಗೆ ತೆಗೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಕೊನೆಗೆ ದಾರಿ ತೋರಿಸಿದವರು ಅಡುಗೆಮನೆಯ ಚಿಮಣಿ ಕೂರಿಸುವವರು. ಅವರ ಅಂಗಡಿಯಲ್ಲಿ ಆರು ಇಂಚಿನ ಅಲ್ಯೂಮಿನಿಯಂ ಕೊಳವೆ ಅಡಿಯ ಲೆಕ್ಕದಲ್ಲಿ ಸಿಗುತ್ತದೆ. ನಮ್ಮ ಯಂತ್ರದ ಬಾಯಿ ಐದು ಇಂಚು. ತಗಡಿನ ಕೆಲಸದ ಅಜ್ಜನೊಬ್ಬ ಎಣ್ಣೆ ಡಬ್ಬಿ ಕತ್ತರಿಸಿ, ಒಂದು ಕಡೆ ಐದು, ಇನ್ನೊಂದು ಕಡೆ ಆರು ಇಂಚಿನ ಬಳೆ ಮಾಡಿಕೊಟ್ಟ. ಗಣಪನಿಗೆ ಬೆಳ್ಳಿಯ ಸೊಂಡಿಲು ಬಂತು.

ಅದನ್ನು ಮತ್ತೆ ಆ ಕಿಟಕಿಗೆ ಒಡ್ಡಲು ಕೈ ಬರಲಿಲ್ಲ. ಮೇಲಿನ ಬೆಳಕಿಂಡಿಗೆ ಏರಿಸಿದೆವು. ಅದು ಅವಳ ತಗಡಿನ ಮಾಡಿಗಿಂತ ಎತ್ತರ. ಬಿಸಿಗಾಳಿ ಹಗುರ, ಮೇಲಕ್ಕೇ ಹೋಗುತ್ತದೆ. ಕೊಳವೆ ಉದ್ದವಾದಷ್ಟೂ ತಂಪು ಕಡಿಮೆ ಎಂದು ಯಂತ್ರದ ಪುಸ್ತಕ ಹೇಳುತ್ತದೆ, ಅದು ನಿಜವೇ. ಕಾದ ಅಲ್ಯೂಮಿನಿಯಮ್ಮಿಗೆ ಹಳೆಯ ಕಂಬಳಿ ಸುತ್ತಿದ್ದೇನೆ. ಮೊದಲು 24 ಡಿಗ್ರಿಗೆ ಇಳಿಯುತ್ತಿದ್ದ ಕೋಣೆ ಈಗ 27ಕ್ಕೆ ನಿಲ್ಲುತ್ತದೆ. ಹನ್ನೆರಡರಿಂದ ನಾಲ್ಕರವರೆಗೆ ಓಡಿಸುತ್ತೇವೆ, ಟಿ.ವಿ. ಹಾಲಿಗೆ ಮರಳಿದೆ. ಮಗ ಒಂದು ವಾರ ಮುಖ ಊದಿಸಿಕೊಂಡಿದ್ದ.

ಇದರಿಂದ ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಬಿಸಿ ಮಾಯವಾಗಿಲ್ಲ, ಊರ ಮೇಲಿನ ಗಾಳಿಗೆ ಸೇರಿದೆ, ಅಷ್ಟೇ. ಅಲ್ಲೂ ಯಾರದೋ ಮಾಳಿಗೆ ಇದ್ದೀತು.

ಅತ್ತೆಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಬಲಗೈ ಎತ್ತಿ ಕಿಟಕಿಯ ಕಡೆ ತೋರಿಸಿದರು. “ಕೂಸು... ನೋಡ್ಬೇಕು” ಎಂದರು. ಹಲಗೆಯ ಜಾಗಕ್ಕೆ ಈಗ ಗಾಜು ಹಾಕಿಸಿದ್ದೇವೆ. ಮಂಚವನ್ನು ಒಂದು ಮೊಳ ಅತ್ತ ಸರಿಸಿದ್ದರಿಂದ ಮಲಗಿದಲ್ಲಿಂದಲೇ ಅವರಿಗೆ ತೊಟ್ಟಿಲು ಕಾಣುತ್ತದೆ.

ಹದಿನೈದು ದಿನಕ್ಕೊಮ್ಮೆ ಜಾಲರಿ ತೊಳೆಯುವ ಕೆಲಸಕ್ಕೆ ಇನ್ನೊಂದು ಸೇರಿಕೊಂಡಿದೆ. ಯಂತ್ರ ಹಚ್ಚಿಟ್ಟು, ಹಿಂದಿನ ಓಣಿಯಿಂದ ಸುತ್ತಿ ಬಂದು, ಆ ಸಂದಿಯಲ್ಲಿ ಐದು ನಿಮಿಷ ನಿಂತು ನೋಡುತ್ತೇನೆ. ಅವಳು ಬಿಸಿ ರೊಟ್ಟಿಯೊಂದನ್ನು ಕೈಗಿಡುತ್ತಾಳೆ.